ಹಾಸಿಗೆ ಇದ್ದಷ್ಟು

ಅವರು ಲೆಕ್ಕಪರಿಶೋಧನೆ ಇಲಾಖೆಯಿಂದ ನಿವೃತ್ತರಾದವರು. ದಿಲ್ಲಿಯಲ್ಲಿ ಈ ಇಲಾಖೆಯವರನ್ನು ಗುರುತಿಸುವುದು ಸುಲಭ, ಹೋಟೆಲ್ ಬಿಲ್ಲನ್ನೂ ಕನ್ನಡಕ ಏರಿಸಿ ಓದುತ್ತಾರೆ. ಅವಳು ಅವರ ತಂಗಿಯ ಮಗಳು. ಯಮುನೆಯ ಆಚೆ, ಪೂರ್ವ ದಿಲ್ಲಿಯ ಒಂದು ನರ್ಸಿಂಗ್ ಹೋಮಿನಲ್ಲಿ ಬಿಲ್ಲಿಂಗು, ವಿಮೆ ಎರಡನ್ನೂ ನೋಡಿಕೊಳ್ಳುತ್ತಾಳೆ. ಡೆಂಗಿ ಬಂದು ಅವರು ಅಲ್ಲೇ ನಾಲ್ಕು ದಿನ ಮಲಗಿ ಎದ್ದು ಬಂದಿದ್ದರು. ಭಾನುವಾರ ಮಧ್ಯಾಹ್ನ ಮಯೂರ ವಿಹಾರದ ಅವರ ಮನೆಯಲ್ಲಿ ಊಟದ ತಟ್ಟೆ ಎತ್ತಿದ ಜಾಗಕ್ಕೆ ಬಿಲ್ಲು ಬಂತು. ನಾನು ಪಕ್ಕದ ಮನೆಯವನು. ಬಿಸಿಬೇಳೆ ಭಾತು ತಿಂದ ಋಣಕ್ಕೆ ಕೂತು ಕೇಳಿಸಿಕೊಂಡೆ.

– ಗ್ಲೌಸು 42 ಜೊತೆ. ನಾಲ್ಕು ದಿನಕ್ಕೆ. ನನ್ನನ್ನ ಮುಟ್ಟಿದವರು ಅಷ್ಟು ಜನ ಇದ್ದರೇನೇ?

– ಮಾವ, ನೀವು ಬದುಕಿ ಬಂದಿದ್ದೀರಿ. ಮೊದಲು ಅದನ್ನ ಲೆಕ್ಕಕ್ಕೆ ಹಿಡೀರಿ.

– ಅದು ಜಮೆಯ ಬದಿ. ನಾನೀಗ ಖರ್ಚಿನ ಬದಿ ಓದ್ತಾ ಇದೀನಿ. ಅಲ್ಲಾ, ನಿಮ್ಮ ಆ ಮನೆಗೆ ನರ್ಸಿಂಗ್ ಹೋಮ್ ಅಂತ ಹೆಸರು ಇಟ್ಟವರು ಯಾರು? ನ್ಯೂಜೆರ್ಸಿಯಿಂದ ಮಗ ಫೋನ್ ಮಾಡಿ ಅಳೋದೊಂದು ಬಾಕಿ. 'ಅಪ್ಪನ್ನ ನರ್ಸಿಂಗ್ ಹೋಮಿಗೆ ಸೇರಿಸಿದ್ದೀರಾ, ನನಗೊಂದು ಮಾತು ಹೇಳಬಾರದಿತ್ತಾ' ಅಂತ. ಅಲ್ಲಿ ಆ ಮಾತಿಗೆ ಅರ್ಥ ಬೇರೆ. ಮುದುಕರು ಒಳಗೆ ಹೋದರೆ ಸಾಮಾನ್ಯವಾಗಿ ಹೊರಗೆ ಬರಲ್ಲ.

– ನಮ್ಮಲ್ಲಿ ಒಳಗೆ ಹೋದವರು ನಾಲ್ಕನೇ ದಿನ ಬಿಲ್ಲು ಹಿಡಕೊಂಡು ಜಗಳಕ್ಕೆ ಬರ್ತಾರೆ. ಹೆಸರು ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿ 1927ರಲ್ಲಿ ನರ್ಸಿಂಗ್ ಹೋಮುಗಳನ್ನ ನೋಂದಾಯಿಸೋ ಕಾಯ್ದೆ ಬಂತು, ಮುಂಬೈಯಲ್ಲಿ 1949ಕ್ಕೆ, ದಿಲ್ಲಿಯಲ್ಲಿ 1953ಕ್ಕೆ. ಅವರ ಹೋಮು ವೃದ್ಧರದ್ದಾಯಿತು, ನಮ್ಮದು ಹೆರಿಗೆ, ಅಪೆಂಡಿಕ್ಸು, ಡೆಂಗಿಯದ್ದಾಯಿತು. ಇವತ್ತಿಗೂ ನಮ್ಮ ಗೋಡೆಯ ಮೇಲಿರೋ ಪ್ರಮಾಣಪತ್ರ ಆ 1953ರ ಕಾಯ್ದೆಯದ್ದೇ.

– ನಾನು ಹುಟ್ಟಿದ ವರ್ಷ! ನನ್ನನ್ನ ನಿವೃತ್ತಿ ಮಾಡಿಸಿ ಎಷ್ಟು ಕಾಲ ಆಯಿತು, ಅದನ್ನ ಇನ್ನೂ ಕೆಲಸಕ್ಕೆ ಇಟ್ಟುಕೊಂಡಿದಾರಾ?

– ನಡುವೆ ನಿಯಮಕ್ಕೆ ತೇಪೆ ಹಾಕಿದಾರೆ. ಆದರೆ ಕೇಂದ್ರ 2010ರಲ್ಲಿ ತಂದ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ ದಿಲ್ಲಿಗೆ ಬರಲಿಲ್ಲ. ಉಳಿದ ಕೇಂದ್ರಾಡಳಿತ ಪ್ರದೇಶಗಳಿಗೆಲ್ಲ ಬಂತು, ದಿಲ್ಲಿಯೊಂದು ಹೊರಗೆ. ಗಡಿ ದಾಟಿ ನೋಯ್ಡಾಕ್ಕೆ ಹೋದರೆ ಅಲ್ಲಿ ಆ ಕಾಯ್ದೆ. ಈಚೆ ಇರೋ ನಾವು ನೆಹರೂ ಕಾಲದಲ್ಲಿ ಇದೀವಿ.

– ಕಾಯ್ದೆ ಹಳೆಯದಾದರೆ ತಪ್ಪಲ್ಲ. ನೋಡೋ ಕಣ್ಣು ಬೇಕು. ಅದು ಏನು ನೋಡುತ್ತೆ, ಹೇಳು.

– ಒಂದು ಹಾಸಿಗೆಗೆ ಎಷ್ಟು ಜಾಗ, ಎಷ್ಟು ನರ್ಸ್, ಡಾಕ್ಟರ್ ಯಾರು, ಕೊಳಕು ಬ್ಯಾಂಡೇಜು ಯಾವ ಬಣ್ಣದ ಚೀಲಕ್ಕೆ. ಮೂರು ವರ್ಷಕ್ಕೊಂದು ಸಲ ನವೀಕರಣ. ಕಡ್‌ಕಡ್‌ಡೂಮಾದಲ್ಲಿ ಆರೋಗ್ಯ ಸೇವೆಗಳ ನಿರ್ದೇಶನಾಲಯ, ಅದರೊಳಗೆ ನರ್ಸಿಂಗ್ ಹೋಮ್ ಸೆಲ್. ಕಡತ ಅಲ್ಲಿಗೆ ಹೋಗುತ್ತೆ.

– ದುಡ್ಡಿನ ವಿಷಯ?

– ದುಡ್ಡಿನ ವಿಷಯ ಆ ಕಡತದಲ್ಲಿ ಒಂದು ಹಾಳೆಯೂ ಇಲ್ಲ ಮಾವ.

(ಇಲ್ಲಿ ಅವರು ಕನ್ನಡಕ ತೆಗೆದು ಒರೆಸಿದರು. ಮೂವತ್ತು ವರ್ಷ ಬೇರೆಯವರ ವೋಚರು ನೋಡಿದವರಿಗೆ ಇದು ದುಃಖದ ಸುದ್ದಿ ಇರಬೇಕು.)

– ಹಾಗಾದರೆ ನಿಮ್ಮ 18 ಹಾಸಿಗೆಯ ಗಂಟು ಎಲ್ಲಿಂದ ಬಂತು ಅಂತ ಸರ್ಕಾರಕ್ಕೆ ಗೊತ್ತಿಲ್ಲ. ನನಗಾದರೂ ಹೇಳು.

– ಡಾಕ್ಟರ್ ಸಾಹೇಬರು, ಅವರ ಹೆಂಡತಿ. ಇವರು ಫಿಜಿಶಿಯನ್, ಅವರು ಹೆರಿಗೆ ಡಾಕ್ಟರು. ಅಪ್ಪ ಕಟ್ಟಿಸಿದ ಕೋಠಿ. ಕೆಳಗೆ ಓಪಿಡಿ, ಮೇಲೆ ವಾರ್ಡು, ಅದರ ಮೇಲೆ ಅವರ ಸಂಸಾರ. ಮೊದಲು ಎಂಟೇ ಹಾಸಿಗೆ. ಮನೆ ಪತ್ರ ಬ್ಯಾಂಕಿನಲ್ಲಿಟ್ಟು ಆಪರೇಷನ್ ಥಿಯೇಟರು ಮಾಡಿದರು, ಮೆಷಿನ್ ಮೇಲೇ ಸಾಲ ತೆಗೆದು ಅಲ್ಟ್ರಾಸೌಂಡು, ವೆಂಟಿಲೇಟರು ತಂದರು. ಶೇರು ಇಲ್ಲ, ಪಾಲುದಾರರಿಲ್ಲ. ಕಂತು ಮಾತ್ರ ತಿಂಗಳು ತಪ್ಪಲ್ಲ.

– ಎಂಟು ಇದ್ದದ್ದು 18 ಯಾಕಾಯಿತು? ಕಾಯಿಲೆ ಜಾಸ್ತಿ ಆಯಿತೇ?

– ವಿಮೆ ಜಾಸ್ತಿ ಆಯಿತು. ಪಾಲಿಸಿ ಕಾಗದದಲ್ಲಿ ಆಸ್ಪತ್ರೆ ಅಂದರೆ ಏನು ಅಂತ ಬರೆದಿರುತ್ತೆ, ಓದಿ. ಒಂದೋ ಕಾಯ್ದೆ ಪ್ರಕಾರ ನೋಂದಣಿ ಆಗಿರಬೇಕು, ಇಲ್ಲಾ 15 ಹಾಸಿಗೆ ಇರಬೇಕು. ಊರಿನ ಜನಸಂಖ್ಯೆ ಹತ್ತು ಲಕ್ಷದೊಳಗಿದ್ದರೆ 10 ಸಾಕು. ಆಮೇಲೆ 2024ರ ಜನವರಿಯಲ್ಲಿ ವಿಮಾ ಕಂಪನಿಗಳು ಎಲ್ಲಾ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಅಂತ ಸಾರಿದವಲ್ಲ, ಅಲ್ಲೂ 15 ಹಾಸಿಗೆಯ ಗೆರೆ. ಎಂಟು ಹಾಸಿಗೆಯವರು ಒಂದೋ ಬೆಳೀಬೇಕು, ಇಲ್ಲಾ ಬಾಗಿಲು ಹಾಕಿ ಯಾವುದಾದರೂ ಕಾರ್ಪೊರೇಟ್ ಆಸ್ಪತ್ರೆಗೆ ಸಂಬಳಕ್ಕೆ ಹೋಗಬೇಕು. ನಮ್ಮ ಡಾಕ್ಟರು ಬೆಳೆದರು. ಸಂಸಾರ ಇದ್ದ ಮಹಡಿ ವಾರ್ಡಾಯಿತು, ಅವರು ಈಗ ಬಾಡಿಗೆ ಫ್ಲಾಟಿನಲ್ಲಿದಾರೆ.

– ಸರಿ ಬಿಡು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಮ್ಮ ಅನ್ನೋಳು. ನೀವು ಕಾಲು ಚಾಚೋದಕ್ಕೆ ಹಾಸಿಗೆ ಜಾಸ್ತಿ ಮಾಡಿಕೊಂಡಿರಿ. ಸಾಲ ತೀರಬೇಕು, ಅದಕ್ಕೆ 42 ಜೊತೆ ಗ್ಲೌಸು.

– ಗ್ಲೌಸು ಬಿಡಲ್ಲ ನೀವು.

– ಹೇಗೆ ಬಿಡಲಿ? 2017ರಲ್ಲಿ ಗುರುಗ್ರಾಮದಲ್ಲಿ ಏಳು ವರ್ಷದ ಮಗು ಇದೇ ಡೆಂಗಿಯಲ್ಲಿ ಹೋಯಿತಲ್ಲ. ಬಿಲ್ಲು ಸುಮಾರು 16 ಲಕ್ಷ. ಅದರಲ್ಲಿ 2,700 ಗ್ಲೌಸು, 660 ಸಿರಿಂಜು. ಪತ್ರಿಕೆ ಓದಿ ಆವತ್ತು ಊಟ ಸೇರಲಿಲ್ಲ. ಆಮೇಲೆ ಔಷಧ ಬೆಲೆ ಪ್ರಾಧಿಕಾರದವರು ದಿಲ್ಲಿ ಸುತ್ತಲಿನ ನಾಲ್ಕು ದೊಡ್ಡ ಆಸ್ಪತ್ರೆಗಳ ಬಿಲ್ಲು ಬಿಡಿಸಿ ನೋಡಿ, 2018ರ ಫೆಬ್ರವರಿಯಲ್ಲಿ ವರದಿ ಕೊಟ್ಟರು. ಕೊಂಡ ಬೆಲೆಯ ಮೇಲೆ ಲಾಭ ಶೇಕಡ 1,737ರ ತನಕ. ಈ ಅಂಕಿ ನನಗೆ ಬಾಯಿಪಾಠ. ನಮ್ಮ ಇಲಾಖೆಯಲ್ಲಿ ಶೇಕಡ ಹತ್ತು ಹೆಚ್ಚಾದರೆ ವಿವರಣೆ ಕೇಳ್ತಿದ್ದೆವು.

– ಅದು ನಾಲ್ಕು ದೊಡ್ಡ ಮನೆಗಳ ಲೆಕ್ಕ. ನಮ್ಮಂಥವರಿಗೆ ಅವರಷ್ಟು ಅಗ್ಗಕ್ಕೆ ಮಾಲೇ ಸಿಗಲ್ಲ. ಆದರೂ ಸುಳ್ಳು ಹೇಳಲ್ಲ ಮಾವ, ದಾರಿ ಅದೇ. ರೂಮಿನ ಬಾಡಿಗೆ ಎಷ್ಟು ಅಂತ ಎಲ್ಲರೂ ಫೋನಲ್ಲೇ ಕೇಳ್ತಾರೆ. ಹೆರಿಗೆ ಪ್ಯಾಕೇಜು ಎಷ್ಟು ಅಂತ ಮೂರು ಕಡೆ ವಿಚಾರಿಸ್ತಾರೆ. ಗ್ಲೌಸಿನ ದರ ಇವತ್ತಿನ ತನಕ ಒಬ್ಬರೂ ಕೇಳಿಲ್ಲ. ಕೇಳೋ ಕಡೆ ಇಳಿಸ್ತೀವಿ, ಕೇಳದ ಕಡೆ ಏರಿಸ್ತೀವಿ. ತರಕಾರಿಯವನು ಕೊತ್ತಂಬರಿ ಪುಕ್ಕಟೆ ಕೊಡಲ್ವಾ, ಹಾಗೆ.

– ಅವನು ಕೊತ್ತಂಬರಿ ಪುಕ್ಕಟೆ ಕೊಟ್ಟು ನನ್ನನ್ನ ಐಸಿಯುಗೆ ಹಾಕಲ್ಲ.

(ಅವಳು ನಕ್ಕಳು. ಅವರು ನಗಲಿಲ್ಲ. ನನಗೆ ಇಬ್ಬರ ಪಕ್ಷವೂ ಸರಿ ಅನ್ನಿಸಿದ್ದು ಈ ಹಂತದಲ್ಲಿ. ಹೊಟ್ಟೆ ತುಂಬಿದಾಗ ಹಾಗೆ ಆಗುತ್ತದೆ.)

– ನನ್ನ ಪ್ರಶ್ನೆ ಬೇರೆ. ನನ್ನ ಹತ್ತಿರ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯ ಸಿಜಿಎಚ್‌ಎಸ್ ಕಾರ್ಡಿದೆ. ರಾತ್ರಿ ಒಂದು ಗಂಟೆಗೆ ತಲೆ ತಿರುಗಿ ಬಿದ್ದೆ, ಹತ್ತಿರ ಅಂತ ನಿಮ್ಮಲ್ಲಿಗೆ ತಂದರು. ನೀವು ಪ್ಯಾನೆಲ್ಲಿನಲ್ಲಿ ಇಲ್ಲ, ನಾನು ರೊಕ್ಕ ಎಣಿಸಿ ಕೊಟ್ಟೆ. ತುರ್ತು ಅಂತ ಅರ್ಜಿ ಹಾಕಿದರೂ ಅವರು ಅವರ ದರದಷ್ಟೇ ಕೊಡ್ತಾರೆ. ಉಳಿದದ್ದು ನನ್ನ ತಲೆಗೆ. ನೀವು ಪ್ಯಾನೆಲ್ ಬಿಟ್ಟದ್ದು ಯಾಕೆ?

– ಬಿಲ್ಲು ಕಳಿಸಿದರೆ ಹಣ ಯಾವಾಗ ಬರುತ್ತೆ ಅಂತ ದೇವರಿಗೂ ಗೊತ್ತಿರ್ತಿರಲಿಲ್ಲ. ದರ ನೋಡಿದರೆ 2014ರದ್ದು. ಅಲ್ಲಲ್ಲಿ ಒಂದಿಷ್ಟು ಏರಿಸಿದ್ದು ಬಿಟ್ಟರೆ 2025ರ ಅಕ್ಟೋಬರ್ 13ರ ತನಕ ಅದೇ ಪಟ್ಟಿ. ಆ ಹನ್ನೊಂದು ವರ್ಷದಲ್ಲಿ ನರ್ಸ್ ಸಂಬಳ ಏರಲಿಲ್ವಾ, ಕರೆಂಟು ಏರಲಿಲ್ವಾ? ದೊಡ್ಡವರು ಸಿಜಿಎಚ್‌ಎಸ್‌ನಲ್ಲಿ ಕಳಕೊಂಡದ್ದನ್ನ ವಿಮೆಯವರಿಂದ, ವಿದೇಶಿ ರೋಗಿಗಳಿಂದ ತುಂಬಿಕೊಳ್ತಾರೆ. ನಮಗೆ ಬಾಗ್ದಾದಿನಿಂದ ಯಾರು ಬರ್ತಾರೆ? 'ಫರಿಶ್ತೆ' ಅಂತ ದಿಲ್ಲಿ ಸರ್ಕಾರದ ಯೋಜನೆ ನೆನಪಿದೆಯಾ, ರಸ್ತೆ ಅಪಘಾತದವರನ್ನ 72 ಗಂಟೆಯೊಳಗೆ ಯಾವ ಖಾಸಗಿ ಆಸ್ಪತ್ರೆಗೆ ತಂದರೂ ಬಿಲ್ಲು ಸರ್ಕಾರದ್ದು ಅಂತ? ಒಳ್ಳೆಯ ಯೋಜನೆ. ಜೀವ ಉಳೀತು. ಕೊನೆಗೆ 2023ರ ಡಿಸೆಂಬರಿನಲ್ಲಿ ಅದಕ್ಕೆ ಹಣ ಬಿಡುಗಡೆ ಆಗ್ತಿಲ್ಲ ಅಂತ ದಿಲ್ಲಿ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರ ಕೋರ್ಟಿಗೆ ಹೋಗಿ ಹಣ ಕೇಳೋ ಕಾಲದಲ್ಲಿ ನಾವು ಯಾರ ಹತ್ತಿರ ಕೇಳೋಣ?

– ಸರ್ಕಾರ ನಿಮಗೆ ಏನೂ ಕೊಟ್ಟೇ ಇಲ್ಲ ಅನ್ನಬೇಡ. ಸರಿತಾ ವಿಹಾರದ ಅಪೋಲೋಗೆ 15 ಎಕರೆ ಹೆಸರಿಗೆ ಒಂದು ರೂಪಾಯಿ ಬಾಡಿಗೆಗೆ ಕೊಟ್ಟಿದಾರೆ, ಜೊತೆಗೆ ಶೇಕಡ 26 ಪಾಲು ಹಾಕಿದಾರೆ.

– ಅದು ಅಪೋಲೋಗೆ. ಅಗ್ಗದ ಜಮೀನು ತಗೊಂಡವರಿಗೆ ಹೈಕೋರ್ಟು 2007ರಲ್ಲಿ ಒಳರೋಗಿಗಳಲ್ಲಿ ಶೇಕಡ 10, ಹೊರರೋಗಿಗಳಲ್ಲಿ ಶೇಕಡ 25 ಬಡವರಿಗೆ ಉಚಿತ ಅಂತ ಕಟ್ಟಿಹಾಕಿತು. ನ್ಯಾಯವೇ. ನಮಗೆ ಜಮೀನೂ ಇಲ್ಲ, ಆ ಕಟ್ಟೂ ಇಲ್ಲ. ನಮಗೆ ಸರ್ಕಾರ ಕೊಟ್ಟದ್ದು ಏನು ಅಂದರೆ, ಕೇಳಿ. 2021ರ ಏಪ್ರಿಲ್ ನೆನಪಿದೆಯಲ್ಲ?

– ಅದನ್ನ ಯಾಕೆ ನೆನಪಿಸ್ತೀಯ.

– ಆಕ್ಸಿಜನ್ ಸಿಲಿಂಡರಿಗೆ ನಮ್ಮ ಡಾಕ್ಟರು ಸ್ವತಃ ಬವಾನಾಕ್ಕೆ ಹೋಗಿ ಸಾಲಿನಲ್ಲಿ ನಿಂತಿದ್ದರು. ಮುಂದಿನ ತಿಂಗಳು ಕೇಂದ್ರದವರು ಒಂದು ಯೋಜನೆ ತಂದರು, ಆಸ್ಪತ್ರೆಯಲ್ಲೇ ಆಕ್ಸಿಜನ್ ಘಟಕ ಹಾಕೋದಕ್ಕೆ 2 ಕೋಟಿ ತನಕ ಸಾಲ, ಬಡ್ಡಿ ಶೇಕಡ 7.5ಕ್ಕಿಂತ ಮೇಲಿಲ್ಲ, ಪೂರ್ತಿ ಖಾತರಿ ಸರ್ಕಾರದ್ದು. ಸಾಲವೇ ಆದರೂ ಒಳ್ಳೆಯದು. ಆದರೆ 18 ಹಾಸಿಗೆಗೆ ಘಟಕ ಹಾಕಿ ಕೋವಿಡ್ ಹೋದ ಮೇಲೆ ಅದರಲ್ಲಿ ಬಲೂನು ಊದೋದಾ? ಜೂನ್ ಬಂದಾಗ ಇನ್ನೊಂದು, 50,000 ಕೋಟಿಯ ಸಾಲ ಖಾತರಿ, ಆರೋಗ್ಯ ಕ್ಷೇತ್ರಕ್ಕೇ ಅಂತ. ಷರತ್ತು ಓದಿದರೆ ಎಂಟು ಮಹಾನಗರ ಬಿಟ್ಟು. ದಿಲ್ಲಿ ಅದರಲ್ಲಿ ಮೊದಲನೇದು. ಜಿಎಸ್‌ಟಿಯೂ ಹಾಗೇ. ನಮ್ಮ ಸೇವೆಗೆ ತೆರಿಗೆ ಇಲ್ಲ ಅಂತ ಹೊರಗೆ ಹೆಸರು. ನಾವು ಕೊಂಡ ಮೆಷಿನ್ನಿಗೆ ಕಟ್ಟಿದ ತೆರಿಗೆ ವಾಪಸು ಬರಲ್ಲ, ಅದು ನಿಮ್ಮ ಬಿಲ್ಲಿನೊಳಗೇ ಎಲ್ಲೋ ಕೂತಿದೆ.

– ಗ್ಲೌಸಿನೊಳಗೆ.

– ಹ್ಞೂಂ, ಗ್ಲೌಸಿನೊಳಗೇ ಇರಲಿ.

ಕಾಫಿ ಬಂತು. ಮಾತು ಸ್ವಲ್ಪ ಹೊತ್ತು ಊರಿನ ಮಳೆಯ ಕಡೆ ಹೋಯಿತು. ಮತ್ತೆ ತಂದವರು ಅವರೇ, ದನಿ ತಗ್ಗಿಸಿ.

– ವಿವೇಕ ವಿಹಾರ ನಿಮ್ಮಿಂದ ಎಷ್ಟು ದೂರ?

– ಹತ್ತಿರವೇ. 2024ರ ಮೇ 25, ಶನಿವಾರ ರಾತ್ರಿ ಅಲ್ಲಿನ ಮಕ್ಕಳ ಆಸ್ಪತ್ರೆಗೆ ಬೆಂಕಿ ಬಿತ್ತಲ್ಲ. ಸಿಲಿಂಡರು ಸಿಡಿಯೋ ಸದ್ದು ನಮ್ಮ ವಾಚ್‌ಮನ್‌ಗೆ ಕೇಳಿಸಿತಂತೆ. ಏಳು ಹಸುಗೂಸುಗಳು ಹೋದವು, ಹೆಸರು ಕೂಡ ಇಟ್ಟಿರಲಿಲ್ಲ.

– ಆ ಆಸ್ಪತ್ರೆಯ ನೋಂದಣಿ ಮಾರ್ಚ್ 31ಕ್ಕೇ ಮುಗಿದಿತ್ತು. ಐದು ಹಾಸಿಗೆಗೆ ಅನುಮತಿ, ಒಳಗಿದ್ದದ್ದು 12 ಮಕ್ಕಳು. ನವಜಾತ ಶಿಶುಗಳ ತೀವ್ರ ನಿಗಾ ನೋಡಬೇಕಾದ ಜಾಗದಲ್ಲಿ ಆಯುರ್ವೇದ ಓದಿದ ಡಾಕ್ಟರು. ಪೊಲೀಸರು ಮಾರನೇ ದಿನವೇ ಇಷ್ಟನ್ನೂ ಹೇಳಿದರು. ಮಾರನೇ ದಿನ ಕಂಡದ್ದು ಹಿಂದಿನ ದಿನ ಯಾಕೆ ಕಾಣಲಿಲ್ಲ? ಆಮೇಲೆ ಉಪರಾಜ್ಯಪಾಲರೇ ಅಂದರಲ್ಲ, ದಿಲ್ಲಿಯಲ್ಲಿ 1,190 ನರ್ಸಿಂಗ್ ಹೋಮು, ಕಾಲು ಭಾಗಕ್ಕಿಂತ ಹೆಚ್ಚಿನವಕ್ಕೆ ಊರ್ಜಿತ ನೋಂದಣಿ ಇಲ್ಲ ಅಂತ.

– ಆ ಕಾಲು ಭಾಗದಲ್ಲಿ ಎರಡು ಜಾತಿ ಇದೆ ಮಾವ. ಬೇಕಂತಲೇ ಕಾಗದ ಇಲ್ಲದೆ ನಡೆಸೋರು ಒಂದು. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಡತ ಎಲ್ಲೋ ನಿಂತವರು ಇನ್ನೊಂದು. ಅಗ್ನಿಶಾಮಕದ ನಿಯಮದಲ್ಲಿ 9 ಮೀಟರು ಮೀರಿದ ಆಸ್ಪತ್ರೆ ಕಟ್ಟಡಕ್ಕೆ ಅವರ ಎನ್‌ಒಸಿ ಬೇಕು. ಅದಕ್ಕಿಂತ ಗಿಡ್ಡ ಇದ್ದವರು ಬೇಕಿಲ್ಲ ಅಂತಾರೆ. ಮನೆ ಅಂತ ಕಟ್ಟಿದ ಕೋಠಿಗೆ ಎರಡನೇ ಮೆಟ್ಟಿಲು ಎಲ್ಲಿಂದ ತರೋದು? ಒಂದು ಕಚೇರಿ ಇನ್ನೊಂದರ ಪತ್ರ ಕೇಳುತ್ತೆ, ಆ ಕಚೇರಿ ಮತ್ತೊಂದರದ್ದು.

– ಮೆಟ್ಟಿಲಿಲ್ಲದಿದ್ದರೆ ಮೇಲೆ ವಾರ್ಡು ಮಾಡಬಾರದು.

– ಒಪ್ಪಿದೆ. ಆದರೆ ಆ ಮನೆಗೆ ಆ 12ನೇ ಮಗು ಹೇಗೆ ಬಂತು ಅಂತ ಯೋಚನೆ ಮಾಡಿದೀರಾ? ಇನ್ನೊಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹೆರಿಗೆ ಆಗುತ್ತೆ, ಮಗು ಅಳಲ್ಲ, ಅಲ್ಲಿ ಮಕ್ಕಳ ಐಸಿಯು ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವಾರ್ಮರಿನಲ್ಲಿ ಇಬ್ಬರು. ಕಾರ್ಪೊರೇಟಿನಲ್ಲಿ ಮುಂಗಡ ಕೇಳಿದರೆ ಅಪ್ಪನ ಎದೆ ಒಡೆಯುತ್ತೆ. ಆಂಬುಲೆನ್ಸಿನವನು 'ನನಗೆ ಗೊತ್ತಿರೋ ಜಾಗ ಇದೆ' ಅಂತಾನೆ. ಅವನಿಗೆ ಅಲ್ಲಿ ಕಮಿಷನ್. ನಾನು ಆ ಜಾಗದ ಮಾತಾಡ್ತಿಲ್ಲ, ಈ ದಂಧೆಯ ಮಾತಾಡ್ತಿದೀನಿ. ಕಳಿಸಿದವರಿಗೆ ಪಾಲು ಕೊಡೋದು ನಮ್ಮ ಸಾಲಿನಲ್ಲಿ ದೊಡ್ಡ ಖರ್ಚು. ಅದಕ್ಕೆ ಕಾಯ್ದೆಯಲ್ಲಿ ಕಾಲಂ ಇಲ್ಲ, ಬಿಲ್ಲಿನಲ್ಲೂ ಇಲ್ಲ.

– ಆದ್ದರಿಂದಲೇ ನಾನು ಹೇಳೋದು, ದರ ಕಟ್ಟಿಹಾಕಬೇಕು. 2020ರ ಜೂನಿನಲ್ಲಿ ಕೋವಿಡ್ ಚಿಕಿತ್ಸೆಗೆ ದಿಲ್ಲಿಯಲ್ಲೇ ಕಟ್ಟಲಿಲ್ವಾ? ಐಸೋಲೇಷನ್ ಹಾಸಿಗೆ ದಿನಕ್ಕೆ 8,000ದಿಂದ 10,000, ವೆಂಟಿಲೇಟರ್ ಇದ್ದ ಐಸಿಯು 15,000ದಿಂದ 18,000, ಪಿಪಿಇ ಸೇರಿ. ಆಸ್ಪತ್ರೆಗಳೇನು ಮುಳುಗಲಿಲ್ಲ.

– ಹಾಸಿಗೆ ಖಾಲಿಯೇ ಇರಲಿಲ್ಲ, ಹೇಗೆ ಮುಳುಗ್ತೀವಿ? ನಮ್ಮ ಕರ್ನಾಟಕದಲ್ಲಿ ಏನಾಯಿತು ನೋಡಿ. 2017ರಲ್ಲಿ ರಮೇಶ್ ಕುಮಾರ್ ಆರೋಗ್ಯ ಮಂತ್ರಿ, ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆಗೆ ತಿದ್ದುಪಡಿ ತಂದರು. ಎಲ್ಲರಿಗೂ ದರ, ತಪ್ಪಿದರೆ ಜೈಲು. ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಡಾಕ್ಟರುಗಳು ಓಪಿಡಿ ಬಂದ್ ಮಾಡಿ ಬೀದಿಗೆ ಬಂದರು. ಕೊನೆಗೆ ಪಾಸಾದದ್ದರಲ್ಲಿ ದರ ಕಟ್ಟೋ ಅಧಿಕಾರ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಉಳೀತು.

– ಬಿಲ್ಲು ಬಾಕಿ ಅಂತ ಹೆಣ ತಡೀಬಾರದು ಅನ್ನೋದೂ ಉಳೀತು. ಅದು ಸಣ್ಣದಲ್ಲ. ನಮ್ಮಣ್ಣ ತೀರಿಕೊಂಡಾಗ ಇಲ್ಲೇ ಒಂದು ಆಸ್ಪತ್ರೆಯಲ್ಲಿ ಸಂಜೆ ತನಕ ಕಾದಿದೀನಿ ನಾನು.

ಅವಳು ಏನೂ ಹೇಳಲಿಲ್ಲ. ಲೋಟದ ತಳದ ಕಾಫಿ ಅಲ್ಲಾಡಿಸುತ್ತಿದ್ದಳು.

– ಸುಪ್ರೀಂ ಕೋರ್ಟೂ 2024ರ ಫೆಬ್ರವರಿಯಲ್ಲಿ ಕೇಂದ್ರಕ್ಕೆ ಹೇಳಿದೆ. 2012ರಲ್ಲೇ ನಿಯಮ ಮಾಡಿದೀರಿ, ದರ ಪಟ್ಟಿ ಎಲ್ಲಿ? ನೀವು ಮಾಡದಿದ್ದರೆ ಸಿಜಿಎಚ್‌ಎಸ್ ದರವನ್ನೇ ಹೇರಬೇಕಾಗುತ್ತೆ ಅಂತ.

– ಮಾವ, ನಿಮ್ಮ ಮಗ ಇರೋ ದೇಶದಲ್ಲಿ ಏನು ಮಾಡಿದಾರೆ ಗೊತ್ತಾ? ಅಲ್ಲಿನ ನರ್ಸಿಂಗ್ ಹೋಮಿನಲ್ಲಿ ಹತ್ತರಲ್ಲಿ ಆರು ಜನರ ಖರ್ಚು ಮೆಡಿಕೇಡ್ ಅಂತ ಸರ್ಕಾರದ್ದು. 1987ರಲ್ಲಿ ಕಾಯ್ದೆ ಮಾಡಿದರು: ನಮ್ಮ ಹಣ ಬೇಕಾದರೆ ನರ್ಸ್ ಇಷ್ಟಿರಬೇಕು, ಮುದುಕರನ್ನ ಮಂಚಕ್ಕೆ ಕಟ್ಟಬಾರದು, ನಾವು ಹೇಳದೆ ಬಂದು ತಪಾಸಣೆ ಮಾಡ್ತೀವಿ. ಅಲ್ಲೂ ಹಗರಣ ಇದೆ. ಆದರೆ ಇನ್ಸ್‌ಪೆಕ್ಟರ್ ಕೈಯಲ್ಲಿ ಪ್ರಮಾಣಪತ್ರವೊಂದೇ ಅಲ್ಲ, ಚೆಕ್ಕೂ ಇದೆ. ನನ್ನ ಅನುಭವ ಹೇಳಲಾ? ಕಡ್‌ಕಡ್‌ಡೂಮಾದ ಪತ್ರ ಬಂದರೆ ನಮ್ಮ ಡಾಕ್ಟರು 'ಇಡು' ಅಂತಾರೆ. ವಿಮೆಯ ಕ್ಲೇಮು ನೋಡೋ ಟಿಪಿಎಯಿಂದ ಒಂದು ಈಮೇಲ್ ಬಂದರೆ ಚಪ್ಪಲಿ ಹಾಕದೆ ಓಡಿ ಬರ್ತಾರೆ. ನರ್ಸ್‌ಗಳ ನೋಂದಣಿ ಸಂಖ್ಯೆ ಅಪ್‌ಲೋಡ್ ಮಾಡಿದ್ದು ಟಿಪಿಎ ಕೇಳಿತು ಅಂತ. ರೋಗಿಯ ಚಾರ್ಟಿನಲ್ಲಿ ಸಮಯ ಬರೆಯೋ ಅಭ್ಯಾಸ ಬಂದದ್ದು ಕ್ಲೇಮು ತಿರಸ್ಕಾರ ಆಯಿತು ಅಂತ. ನಮ್ಮನ್ನ ನಿಜವಾಗಿ ಆಳೋರು ಹಣ ಕೊಡೋರು.

– ಅಂದರೆ ನನ್ನಂಥ ಕೈಯಿಂದ ಕೊಡೋನಿಗೆ?

– ನಿಮಗೆ ಯಾರೂ ಇಲ್ಲ.

– ಒಳ್ಳೇದು ಕಣಮ್ಮ. ಆದರೆ ವಿಮೆಯವನು ಕಾವಲು ಕಾಯೋದು ತನ್ನ ಪೆಟ್ಟಿಗೆ, ನನ್ನ ಜೀವ ಅಲ್ಲ. ಗ್ಲೌಸು ಹೆಚ್ಚಾದರೆ ಹೊಡೆದುಹಾಕ್ತಾನೆ, ಗ್ಲೌಸೇ ಹಾಕದಿದ್ದರೆ ಕೇಳ್ತಾನಾ? ಎರಡನೇ ಮೆಟ್ಟಿಲು ಇದೆಯಾ ಅಂತ ಬಂದು ನೋಡ್ತಾನಾ? ಅದನ್ನ ನೋಡಬೇಕಾದವನು ಸಂಬಳದ ಇನ್ಸ್‌ಪೆಕ್ಟರು. ಎರಡೂ ಕಣ್ಣು ಬೇಕು, ನಿಮ್ಮಲ್ಲಿ ಎರಡೂ ಬೇರೆ ಬೇರೆ ಕಡೆ ನೋಡ್ತಿವೆ. ಇವನು ಕೋಣೆ ಅಳೀತಾನೆ, ಅವನು ಬಿಲ್ಲು ಅಳೀತಾನೆ. ಆ ಕೋಣೆಯ ಕಂತು ತೀರಿಸೋಕೆ ಇಷ್ಟು ಹಾಸಿಗೆ ತುಂಬಲೇಬೇಕು ಅಂತ ಕೂಡಿ ಕಳೆದು ನೋಡೋರು ಯಾರು? ನಮ್ಮ ಇಲಾಖೆಯಲ್ಲಿ ಕೆಲಸ ಹೇಗೆ ಅಂದರೆ, ಸ್ಟೋರಿನ ದಾಸ್ತಾನು ಪುಸ್ತಕ ಒಂದು ಕೈಯಲ್ಲಿ, ಕ್ಯಾಷ್ ಪುಸ್ತಕ ಇನ್ನೊಂದು ಕೈಯಲ್ಲಿ. ಎರಡನ್ನೂ ಒಟ್ಟಿಗೆ ತೆರೆದರೇನೇ ಕಳ್ಳ ಸಿಗೋದು.

– ಕಳ್ಳರು ಅಂತೀರಾ ನಮ್ಮನ್ನ?

– ಸಾಲಗಾರರು ಅಂದೆ. ಅಷ್ಟೇನೂ ದೂರ ಇಲ್ಲ. ತನ್ನ ಮೇಲೇ ನಂಬಿಕೆ ಇರೋ ಸಾಲಗಾರ ಇನ್ನೊಂದು ಹಾಸಿಗೆ ಹಾಕೋದಕ್ಕೆ ಹಿಂಜರಿಯಲ್ಲ.

ಅವಳ ಫೋನು ಆಗಲೇ ಎರಡು ಸಲ ಮಿಡುಕಿ ಸುಮ್ಮನಾಗಿತ್ತು. ಮೂರನೇ ಸಲಕ್ಕೆ ಎತ್ತಿದಳು. ಹಿಂದಿಯಲ್ಲಿ ಒಂದಿಷ್ಟು ಹೊತ್ತು ಕೇಳಿದಳು, ಕಡಿಮೆ ಮಾತಾಡಿದಳು. ಒಬ್ಬರ ಡಿಸ್ಚಾರ್ಜಿಗೆ ವಿಮೆಯ ಒಪ್ಪಿಗೆ ಇನ್ನೂ ಬಂದಿಲ್ಲ. ವಿಮಾ ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆ ಮೂರು ಗಂಟೆಯೊಳಗೆ ಅಂದರೂ ಐದನೇ ಗಂಟೆ ನಡೆಯುತ್ತಿದೆ, ಆತ ಬಟ್ಟೆ ಹಾಕಿಕೊಂಡು ಹಾಸಿಗೆಯ ಮೇಲೇ ಕೂತಿದ್ದಾನೆ. ಬಾಗಿಲಲ್ಲಿ ಒಬ್ಬ ಹುಡುಗ, ಜ್ವರ, ಪ್ಲೇಟ್‌ಲೆಟ್ 22,000. ಎರಡು ಕಡೆ ಜಾಗವಿಲ್ಲ ಅಂದು ಕಳಿಸಿದ್ದಾರೆ. ಅಪ್ಪ ಹಣ ಹಿಡಿದುಕೊಂಡೇ ಬಂದಿದ್ದಾನೆ.

– ಹೋಗಬೇಕು ಮಾವ.

– ಎಷ್ಟು ಹಾಸಿಗೆ ತುಂಬಿದೆ?

– ಹದಿನೆಂಟೂ.

– ಆ ಹುಡುಗನನ್ನ ಎಲ್ಲಿ ಮಲಗಿಸ್ತೀರಿ?

– ಕಾರಿಡಾರಿನಲ್ಲಿ.

– ಹಾಗಾದರೆ ಹತ್ತೊಂಬತ್ತು.

ಅವಳು ಚಪ್ಪಲಿ ಹಾಕಿಕೊಳ್ಳುತ್ತಾ, ತಲೆ ಎತ್ತದೆ ಹೇಳಿದಳು:

– ಕಾರಿಡಾರಿನಲ್ಲಿ ಇರೋದಕ್ಕೆ ನಾವು ಹಾಸಿಗೆ ಅನ್ನಲ್ಲ ಮಾವ. ಸ್ಟ್ರೆಚರ್ ಅಂತೀವಿ.